ಯುದ್ಧಭೂಮಿಯಲ್ಲಿ ಪಾತ್ರಾಪಾತ್ರ ವಿಚಾರ

ಕಳೆದ ಚಾತುರ್ಮಾಸ್ಯದಲ್ಲಿ ನಮ್ಮ ದೇವಸ್ಥಾನದ ಸಭಾಭವನದಲ್ಲಿ ನಡೆದ ಗೀತಾಪ್ರವಚನವನ್ನು ಆಲಿಸಿದ ಆಸ್ತಿಕ ಬಂಧುಗಳಿಗೆ ಒಂದು ಸಂಜೆಯ ಪ್ರಸಂಗವು ನೆನಪಿರಬಹುದು. ಅಂದು ಹದಿನೇಳನೆಯ ಅಧ್ಯಾಯದ ದಾನವಿಚಾರವು ನಡೆದಿತ್ತು. ದೇಶ, ಕಾಲ, ಪಾತ್ರಗಳನ್ನು ನೋಡಿ, ಪ್ರತಿಫಲಾಪೇಕ್ಷೆಯಿಲ್ಲದೆ ಮಾಡುವ ದಾನವು ಸಾತ್ತ್ವಿಕವೆಂದೂ, ಅಪಾತ್ರರಿಗೆ ಅನಾದರದಿಂದ ಕೊಟ್ಟದ್ದು ತಾಮಸವೆಂದೂ ಆಚಾರ್ಯರು ವಿಶದಪಡಿಸಿದರು. ಮಂಗಳವಾದ ಬಳಿಕ ಸ್ತ್ರೀಯರ ಸಾಲಿನಿಂದ ಒಬ್ಬ ತರುಣಿ ಎದ್ದು ನಿಂತಳು. ಆಕೆ ವೈದ್ಯೆ, ನಮ್ಮ ಊರಿನ ಹಳೆಯ ಮನೆತನವೊಂದರ ಮೊಮ್ಮಗಳು.

“ಆಚಾರ್ಯರೇ, ಯುದ್ಧ ನಡೆಯುತ್ತಿರುವ ದೇಶಕ್ಕೆ ಚಿಕಿತ್ಸೆಗಾಗಿ ಬರುವಿರಾ ಎಂದು ನನ್ನನ್ನು ಕೇಳಿದ್ದಾರೆ. ಅಲ್ಲಿ ನನ್ನೆದುರು ಮಲಗುವವನು ನಿನ್ನೆ ಹತ್ತು ಜನರನ್ನು ಕೊಂದವನಿರಬಹುದು. ಗುಣವಾದ ಮೇಲೆ ನಾಳೆ ಪುನಃ ಕೊಲ್ಲಬಹುದು. ಅವನಿಗೆ ಮಾಡುವ ಚಿಕಿತ್ಸೆ ಅಪಾತ್ರದಾನವಾಗುವುದಿಲ್ಲವೇ?” ಎಂದು ಕೇಳಿದಳು.

ಆಚಾರ್ಯರು ಅವಸರದ ಉತ್ತರ ಕೊಡುವ ಸ್ವಭಾವದವರಲ್ಲ. “ಪ್ರಶ್ನೆ ದೊಡ್ಡದು ಮಗೂ. ಮುಂದಿನ ಅಧ್ಯಾಯದಲ್ಲಿ ಇದಕ್ಕೆ ಸಂಬಂಧಿಸಿದ ಮಾತೊಂದು ಬರುತ್ತದೆ, ಆಗ ನೋಡೋಣ” ಎಂದರು. ಅಷ್ಟರಲ್ಲಿ ಮಹಾಮಂಗಳಾರತಿಯ ಘಂಟೆಯಾಯಿತು, ಎಲ್ಲರೂ ಎದ್ದೆವು.

ನನಗಾದರೋ ಆ ಪ್ರಶ್ನೆಯು ಮನೆಯವರೆಗೂ ಬಂತು, ಮನೆಯಲ್ಲಿಯೂ ಬಿಡಲಿಲ್ಲ. ಪಂಚಾಂಗ ನೋಡಿ, ಸತ್ಪಾತ್ರರನ್ನು ವಿಚಾರಿಸಿ, ಫಲತಾಂಬೂಲ ಸಹಿತ ದಾನ ಕೊಟ್ಟು ಅಭ್ಯಾಸವಾದ ನಮ್ಮಂಥವರಿಗೆ ಪಾತ್ರಾಪಾತ್ರ ವಿವೇಕವು ಅಷ್ಟೇನೂ ಕಠಿಣವಲ್ಲ. ವಿಚಾರಿಸಲು ಸಮಯವಿದೆ, ತಪ್ಪಿದರೆ ಹೋಗುವುದು ಒಂದಿಷ್ಟು ದ್ರವ್ಯ. ಇದೇ ವಿವೇಕವನ್ನು ನೆತ್ತರಿನ ಮಡುವಿನಲ್ಲಿ ನಿಂತು ಮಾಡಬೇಕಾಗಿ ಬಂದವರು ಏನು ಮಾಡಿದರು? ಅಂಥವರಲ್ಲಿ ಕೆಲವರು ತಮ್ಮ ಅನುಭವವನ್ನು ಬರೆದಿಟ್ಟಿದ್ದಾರೆ, ಸಭೆಗಳಲ್ಲಿ ಹೇಳಿದ್ದಾರೆ. ಅವುಗಳನ್ನು ತರಿಸಿಕೊಂಡು ಓದಿದ್ದರ ಫಲವೇ ಈ ಲೇಖನ.

ಮೊದಲು ಹಳೆಯದೊಂದು ವೃತ್ತಾಂತ. 1859ನೆಯ ಜೂನ್ 24ರಂದು ಉತ್ತರ ಇಟಲಿಯ ಸೊಲ್ಫೆರಿನೋ ಎಂಬಲ್ಲಿ ಫ್ರೆಂಚರೂ ಅವರ ಮಿತ್ರರೂ ಆಸ್ಟ್ರಿಯನ್ನರೊಡನೆ ಘೋರ ಸಂಗ್ರಾಮ ನಡೆಸಿದರು. ಸ್ವಿಟ್ಜರ್ಲೆಂಡಿನ ಆನ್ರಿ ದ್ಯುನಾಂ ಎಂಬ ವರ್ತಕನು ತನ್ನ ವ್ಯವಹಾರಕ್ಕಾಗಿ ಫ್ರೆಂಚ್ ಚಕ್ರವರ್ತಿಯನ್ನು ಕಾಣಲು ಹೊರಟವನು, ಸಮೀಪದ ಕಾಸ್ತಿಲ್ಯೋನೆ ಎಂಬ ಊರಿನಲ್ಲಿ ಚರ್ಚುಗಳ ನೆಲದ ತುಂಬ ನರಳುತ್ತ ಬಿದ್ದ ಸಹಸ್ರಾರು ಗಾಯಾಳುಗಳನ್ನು ಕಂಡು, ಬಂದ ಕಾರ್ಯವನ್ನು ಮರೆತು ಶುಶ್ರೂಷೆಗೆ ನಿಂತನು. ಆ ಊರಿನ ಹೆಂಗಸರು ತಮ್ಮ ಪಕ್ಷದವನು, ಶತ್ರುಪಕ್ಷದವನು ಎಂದು ನೋಡದೆ ಎಲ್ಲರಿಗೂ ನೀರು ಕೊಟ್ಟರಂತೆ. ಎಲ್ಲರೂ ಸೋದರರೇ ಎಂದರಂತೆ. 1862ರಲ್ಲಿ ಆತನು ಪ್ರಕಟಿಸಿದ ಪುಸ್ತಕದ ಪರಿಣಾಮವಾಗಿ ಮರುವರ್ಷವೇ ರೆಡ್ ಕ್ರಾಸ್ ಸಂಸ್ಥೆಯೂ, 1864ರಲ್ಲಿ ಜಿನೀವಾ ಒಪ್ಪಂದವೂ ಹುಟ್ಟಿದವು. ಗಾಯಗೊಂಡ ಯೋಧನು ಯಾವ ರಾಷ್ಟ್ರದವನೇ ಆಗಲಿ ಆತನನ್ನು ಎತ್ತಿ ತಂದು ಉಪಚರಿಸತಕ್ಕದ್ದು ಎಂಬುದು ಆ ಒಪ್ಪಂದದ ಜೀವಾಳ. ಆಯುಧವು ಕೈಯಿಂದ ಜಾರಿದ ಕ್ಷಣದಿಂದ ಆತನು ಯೋಧನಲ್ಲ, ಕೇವಲ ಗಾಯಾಳು. ಗಾಯವೇ ಅವನ ಪಾತ್ರತೆ.

ನಿಯಮವು ಇಷ್ಟು ಸ್ಪಷ್ಟವಾಗಿದೆ. ಅದನ್ನು ಪಾಲಿಸುವುದು ಎಷ್ಟು ದುಸ್ತರವೆಂಬುದಕ್ಕೆ ಆಫ್ರಿಕಾ ಖಂಡದ ಮಧ್ಯದಲ್ಲಿರುವ ರುವಾಂಡಾ ಎಂಬ ಚಿಕ್ಕ ದೇಶವು ಸಾಕ್ಷಿ. 1994ನೆಯ ಏಪ್ರಿಲ್ 6ರ ರಾತ್ರಿ ಆ ದೇಶದ ಅಧ್ಯಕ್ಷರಿದ್ದ ವಿಮಾನವನ್ನು ರಾಜಧಾನಿ ಕಿಗಾಲಿಯಲ್ಲಿ ಹೊಡೆದುರುಳಿಸಲಾಯಿತು. ಮರುದಿನದಿಂದ ಸುಮಾರು ನೂರು ದಿನಗಳ ಕಾಲ, ಬಹುಸಂಖ್ಯಾತ ಹುಟು ಜನಾಂಗದ ಉಗ್ರರು, ಸೈನ್ಯ ಮತ್ತು ಅಧಿಕಾರಿಗಳ ಸೂತ್ರಧಾರತ್ವದಲ್ಲಿ, ಟುಟ್ಸಿ ಜನಾಂಗದವರನ್ನೂ ತಮ್ಮ ಮಾತಿಗೆ ಒಪ್ಪದ ಹುಟುಗಳನ್ನೂ ಹುಡುಕಿ ಹುಡುಕಿ ಕೊಂದರು. ಹತರಾದವರು ಎಂಟು ಲಕ್ಷವೆಂದು ಬಹುಮಂದಿಯ ಅಂದಾಜು. ಕೊಂದವರು ಅನೇಕ ಕಡೆಗಳಲ್ಲಿ ನೆರೆಮನೆಯವರೇ. ಆಯುಧವು ಹೊಲದಲ್ಲಿ ಬಳಸುವ ಕತ್ತಿಯೇ.

ಆಗ ಕಿಗಾಲಿಯಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಮುಖ್ಯಸ್ಥರಾಗಿದ್ದವರು ಫಿಲಿಪ್ ಗೈಯಾರ್ ಎಂಬ ಸ್ವಿಸ್ ಗೃಹಸ್ಥರು. ಹೆಚ್ಚಿನ ವಿದೇಶೀಯರು ಊರು ಬಿಟ್ಟರು. ವಿಶ್ವಸಂಸ್ಥೆಯೂ ತನ್ನ ಸೈನಿಕರಲ್ಲಿ ಬಹುಭಾಗವನ್ನು ಹಿಂದಕ್ಕೆ ಕರೆಸಿಕೊಂಡಿತು. ಗೈಯಾರ್ ಉಳಿದರು. ಗಾಯಾಳುಗಳನ್ನು ವಾಹನಗಳಲ್ಲಿ ತಂದು ತಮ್ಮ ಕಚೇರಿಯ ಮಗ್ಗುಲಲ್ಲೇ ಏರ್ಪಡಿಸಿದ ಆಸ್ಪತ್ರೆಯಲ್ಲಿ ಉಪಚರಿಸುವುದು ಅವರ ತಂಡದ ಕೆಲಸ. ರೆಡ್ ಕ್ರಾಸ್ ವಾಹನಗಳಲ್ಲಿ ಶತ್ರುಗಳನ್ನು ಗಾಯಾಳುಗಳ ವೇಷದಲ್ಲಿ ಸಾಗಿಸಲಾಗುತ್ತಿದೆಯೆಂದು ಅಲ್ಲಿನ ರೇಡಿಯೋ ಕೇಂದ್ರವೊಂದು ಸುಳ್ಳು ಹಬ್ಬಿಸಿತು. ಏಪ್ರಿಲ್ 14ರಂದು ರಸ್ತೆಯ ತಡೆಯಲ್ಲಿ ಉಗ್ರರು ವಾಹನವನ್ನು ನಿಲ್ಲಿಸಿ, ಒಳಗಿದ್ದ ಆರು ಮಂದಿ ಗಾಯಾಳುಗಳನ್ನು ಹೊರಗೆಳೆದು ಅಲ್ಲಿಯೇ ಕೊಂದುಹಾಕಿದರು.

ಇಲ್ಲಿ ಒಂದು ಧರ್ಮಸಂಕಟವಿದೆ. ಕಂಡದ್ದನ್ನು ಬಹಿರಂಗವಾಗಿ ಹೇಳದಿರುವುದು ರೆಡ್ ಕ್ರಾಸ್ ಸಮಿತಿಯ ಪರಂಪರೆ. ಮಾತನಾಡಿದರೆ ಆಳುವವರು ಬಾಗಿಲು ಮುಚ್ಚುತ್ತಾರೆ, ಬಾಗಿಲು ಮುಚ್ಚಿದರೆ ಗಾಯಾಳುವಿಗೆ ಗತಿಯಿಲ್ಲ. ಆದರೆ ಆ ಮೌನದ ಚರಿತ್ರೆಯಲ್ಲಿ ಒಂದು ಕಲೆಯೂ ಇದೆ: 1942ನೆಯ ಅಕ್ಟೋಬರಿನಲ್ಲಿ ಜರ್ಮನಿಯ ನಾಜಿಗಳ ಕ್ರೌರ್ಯದ ವಿಷಯದಲ್ಲಿ ಬಹಿರಂಗವಾಗಿ ಮಾತನಾಡಬಾರದೆಂದು ಸಮಿತಿಯು ನಿಶ್ಚಯಿಸಿತ್ತು, ಅದು ತನ್ನ ವೈಫಲ್ಯವೆಂದು ದಶಕಗಳ ಬಳಿಕ ತಾನೇ ಒಪ್ಪಿಕೊಂಡಿತು. ಗೈಯಾರ್ ಮಾತನಾಡುವುದನ್ನೇ ಆರಿಸಿಕೊಂಡರು. ಆರು ಮಂದಿಯ ಕೊಲೆಯ ಸುದ್ದಿಯು ಪ್ರಪಂಚಕ್ಕೆ ತಿಳಿಯಿತು. ಲಜ್ಜೆಗೋ, ಲೆಕ್ಕಾಚಾರಕ್ಕೋ, ಅಲ್ಲಿನ ಅಧಿಕಾರಿಗಳು ಗಾಯಾಳುಗಳನ್ನು ಮುಟ್ಟಬಾರದೆಂದು ರೇಡಿಯೋದಲ್ಲಿಯೇ ಹೇಳಿಸಿದರು. ವಾಹನಗಳು ಪುನಃ ಸಂಚರಿಸಿದವು. ಈ ವ್ಯವಸ್ಥೆಗಾಗಿ ಗೈಯಾರ್ ಮಾತನಾಡಬೇಕಾಗಿ ಬಂದದ್ದು ಕೊಲೆಗಳ ಸೂತ್ರ ಹಿಡಿದವರೊಡನೆಯೇ. ಒಬ್ಬನ ಪ್ರಾಣ ಉಳಿಸಲು ಘಾತಕನಿಗೆ ನಮಸ್ಕಾರ ಹೇಳಬೇಕಾದ ಪ್ರಮೇಯ ನಮ್ಮಲ್ಲಿ ಎಷ್ಟು ಮಂದಿಗೆ ಬಂದೀತು? ಅದನ್ನು ಹೇಡಿತನವೆನ್ನಲು ನನಗೆ ನಾಲಗೆ ಬಾರದು.

ಅದೇ ಕಿಗಾಲಿಯಲ್ಲಿ ಜೇಮ್ಸ್ ಓರ್ಬಿನ್ಸ್ಕಿ ಎಂಬ ಕೆನಡಾದ ವೈದ್ಯರಿದ್ದರು. ‘ಗಡಿಗಳಿಲ್ಲದ ವೈದ್ಯರು’ ಎಂಬ ಅರ್ಥದ ಫ್ರೆಂಚ್ ಹೆಸರುಳ್ಳ, 1971ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿತವಾದ ಸಂಸ್ಥೆಯ ತಂಡಕ್ಕೆ ಅವರು ನಾಯಕರು. ಗಾಯಾಳುಗಳು ನೂರುಗಟ್ಟಲೆ ಬಂದ ದಿನ ಹಣೆಗೆ ಪಟ್ಟಿ ಅಂಟಿಸಿ ಅಂಕೆ ಬರೆಯಬೇಕಾಯಿತು. ಒಂದು ಎಂದರೆ ಈಗಲೇ ಚಿಕಿತ್ಸೆ. ಎರಡು ಎಂದರೆ ಒಂದು ದಿನದೊಳಗೆ. ಮೂರು ಎಂದರೆ ಉಳಿಯುವ ಆಸೆಯಿಲ್ಲ. ಮೂರನೆಯ ಅಂಕೆಯವರನ್ನು ರಸ್ತೆಯ ಬದಿಯ ದಿಬ್ಬದ ಮೇಲೆ ಮಲಗಿಸಿ, ಕಂಬಳಿ ಹೊದಿಸಿ, ನೀರನ್ನೂ ಇದ್ದಷ್ಟು ನೋವುಶಾಮಕವನ್ನೂ ಕೊಟ್ಟು ಬಿಡುತ್ತಿದ್ದರು. ಹಣೆಬರಹವೆಂಬ ಮಾತನ್ನು ದಿನಕ್ಕೆ ಹತ್ತು ಬಾರಿ ಆಡುವ ನಾವು, ಇನ್ನೊಬ್ಬರ ಹಣೆಯ ಮೇಲೆ ಸ್ವಹಸ್ತದಿಂದ ಬರೆಯಬೇಕಾದವನ ಮನಸ್ಸನ್ನು ಊಹಿಸಿಕೊಳ್ಳಬೇಕು. ಆ ಅಂಕೆಗಳಲ್ಲಿ ಸಜ್ಜನ, ದುರ್ಜನ ಎಂಬ ವಿಭಾಗವಿರಲಿಲ್ಲ. ನೋಡಿದ್ದು ಗಾಯವನ್ನು, ಉಳಿದ ಉಸಿರನ್ನು, ತಮ್ಮಲ್ಲಿದ್ದ ಔಷಧವನ್ನು.

1999ರಲ್ಲಿ ಆ ಸಂಸ್ಥೆಗೆ ನೊಬೆಲ್ ಶಾಂತಿ ಪುರಸ್ಕಾರವು ದೊರೆತಾಗ, ಅದರ ಅಧ್ಯಕ್ಷರಾಗಿ ಓಸ್ಲೋ ನಗರದಲ್ಲಿ ಭಾಷಣ ಮಾಡಿದ ಓರ್ಬಿನ್ಸ್ಕಿಯವರು, ಕಿಗಾಲಿಯಲ್ಲಿ ಒಂದು ದಿನ ತಂದ ಹೆಂಗಸೊಬ್ಬಳ ಸಂಗತಿಯನ್ನು ಹೇಳಿದರು. ಆಕೆಯ ಕಿವಿಗಳನ್ನು ಕತ್ತರಿಸಿದ್ದರು. ಮುಖವನ್ನು ಬೇಕೆಂದೇ, ಕ್ರಮವಾಗಿ ಸೀಳಿದ್ದರು. ರಕ್ತಸ್ರಾವವನ್ನು ನಿಲ್ಲಿಸಲು ಕೆಲವು ಹೊಲಿಗೆ ಹಾಕುವುದಕ್ಕಿಂತ ಹೆಚ್ಚೇನೂ ಆ ವೈದ್ಯನಿಂದಾಗಲಿಲ್ಲ. ಹೊರಗೆ ಬೀದಿಯಲ್ಲಿಯೂ ಗಾಯಾಳುಗಳು ಮಲಗಿದ್ದರು. ಅದು ಆಕೆಗೂ ಗೊತ್ತಿತ್ತು. ನೀನು ಹೋಗು, ಧೈರ್ಯ ತಂದುಕೋ ಎಂಬರ್ಥದ ಮಾತನ್ನು ಸ್ಪಷ್ಟ ಸ್ವರದಲ್ಲಿ ಆಡಿ ಆಕೆ ಅವನನ್ನು ಇತರರ ಬಳಿಗೆ ಕಳುಹಿಸಿದಳು.

ಇದನ್ನು ಓದಿದಾಗ ನನಗೆ ಭೀಷ್ಮಪರ್ವದ ಸನ್ನಿವೇಶವೊಂದು ಸ್ಮರಣೆಗೆ ಬಂತು. ಶರಶಯ್ಯೆಯಲ್ಲಿ ಮಲಗಿದ ಪಿತಾಮಹನ ಬಳಿಗೆ ದುರ್ಯೋಧನನು ಬಾಣ ಕೀಳುವುದರಲ್ಲಿ ನುರಿತ ವೈದ್ಯರನ್ನು ಉಪಕರಣ ಸಹಿತ ಕರೆತರುತ್ತಾನೆ. ಭೀಷ್ಮನು ಅವರನ್ನು ಸತ್ಕರಿಸಿ ಹಿಂದಕ್ಕೆ ಕಳುಹಿಸೆನ್ನುತ್ತಾನೆ. ಪ್ರವಚನಗಳಲ್ಲಿ ಆತನ ಆ ಧೀರತೆಯನ್ನು ಕೇಳಿ ನಾವು ಪುಳಕಗೊಂಡಿದ್ದೇವೆ. ಆತನಾದರೋ ಇಚ್ಛಾಮರಣಿ, ಕ್ಷತ್ರಿಯಧರ್ಮದ ಪರಾಕಾಷ್ಠೆಯನ್ನು ಮುಟ್ಟಿದವನು. ಕಿಗಾಲಿಯ ಆ ಹೆಂಗಸಿಗೆ ಯಾವ ವರವೂ ಇರಲಿಲ್ಲ. ತನ್ನ ಪಕ್ಕದಲ್ಲಿ ಇನ್ನೊಬ್ಬರು ಕಾಯುತ್ತಿದ್ದಾರೆ ಎಂಬ ಒಂದೇ ಕಾರಣದಿಂದ ಆಕೆ ವೈದ್ಯನನ್ನು ಬಿಟ್ಟುಕೊಟ್ಟಳು. ಕೊಡುವವನು ವೈದ್ಯ, ಪಡೆಯುವವಳು ರೋಗಿ ಎಂದು ನಾವು ಎಣಿಸಿರುತ್ತೇವೆ. ಆ ಗಳಿಗೆಯಲ್ಲಿ ದಾನ ಮಾಡಿದವರು ಯಾರು?

ಇಷ್ಟರವರೆಗೆ ತರುಣ ವೈದ್ಯೆಯ ಪ್ರಶ್ನೆಗೆ ಉತ್ತರವು ಸುಲಭವೆಂದೇ ತೋರುತ್ತದೆ. ಬಿದ್ದವನ ಮುಂದೆ ಕುಳಿತ ವೈದ್ಯನಿಗೆ ಗಾಯವಲ್ಲದೆ ಬೇರೆ ಪಾತ್ರತೆಯಿಲ್ಲ. ಆದರೆ ರುವಾಂಡಾದ ಕಥೆ ಕಿಗಾಲಿಯಲ್ಲಿ ಮುಗಿಯಲಿಲ್ಲ. ಕಠಿಣವಾದ ಭಾಗವು ಮುಂದೆಯೇ ಇದೆ.

1994ನೆಯ ಜುಲೈಯಲ್ಲಿ ಟುಟ್ಸಿಗಳ ಪ್ರಾಬಲ್ಯವುಳ್ಳ ದಂಗೆಕೋರ ಸೈನ್ಯವು ಗೆದ್ದಿತು. ಕೊಲೆಗೆ ಕಾರಣರಾದ ಹಳೆಯ ಸರ್ಕಾರದವರು, ಸೈನಿಕರು, ಉಗ್ರಪಡೆಯವರು, ಅವರೊಡನೆ ಅವರು ಹೆದರಿಸಿ ಹೊರಡಿಸಿದ ಸಾಮಾನ್ಯ ಪ್ರಜೆಗಳು, ಹೆಂಗಸರು, ಮಕ್ಕಳು, ಎಲ್ಲರೂ ಪಶ್ಚಿಮದ ಗಡಿ ದಾಟಿ ಅಂದು ಝಾಯಿರ್ ಎನಿಸಿಕೊಂಡಿದ್ದ, ಇಂದು ಕಾಂಗೋ ಎಂಬ ಹೆಸರಿನ ದೇಶದ ಗೋಮಾ ನಗರವನ್ನು ಹೊಕ್ಕರು. ನಾಲ್ಕೈದು ದಿನಗಳಲ್ಲಿ ಎಂಟು ಲಕ್ಷಕ್ಕೂ ಮೀರಿದ ಜನ. ಜ್ವಾಲಾಮುಖಿಯ ಕಪ್ಪು ಕಲ್ಲಿನ ನೆಲ. ಶೌಚಕ್ಕೆ ಗುಂಡಿ ತೋಡಲಾಗದು, ಶವಕ್ಕೂ ತೋಡಲಾಗದು. ಕುಡಿಯಲು ಕಿವು ಸರೋವರದ ನೀರು. ಕಾಲರಾ ಹಬ್ಬಿತು, ಅದರ ಬೆನ್ನಿಗೆ ರಕ್ತಭೇದಿ. ಮೊದಲ ಒಂದು ತಿಂಗಳಲ್ಲಿ ಸತ್ತವರು ಸುಮಾರು 50,000. ಪ್ರಪಂಚದ ನಾನಾ ಕಡೆಗಳಿಂದ ಸೇವಾಕಾರ್ಯಕರ್ತರು ಧಾವಿಸಿದರು, ನೀರು, ಔಷಧ, ಜೋಳದ ಹಿಟ್ಟು, ಎಣ್ಣೆ ಎಲ್ಲವೂ ಬಂದವು, ಮರಣವು ಇಳಿಯಿತು.

ರೋಗವು ಇಳಿದ ಮೇಲೆಯೇ ಕಣ್ಣಿಗೆ ಬಿದ್ದದ್ದು ಬೇರೆ ಸಂಗತಿ. ಶಿಬಿರಗಳನ್ನು ಆಳುತ್ತಿದ್ದವರು ಹತ್ಯೆಗಳನ್ನು ನಡೆಸಿದವರೇ. ಊರೂರಿನ ಹಳೆಯ ಅಧಿಕಾರಿಗಳೇ ಆಹಾರದ ಹಂಚಿಕೆಗೆ ಯಜಮಾನರಾಗಿದ್ದರು. ಜನಸಂಖ್ಯೆಯನ್ನು ಹೆಚ್ಚಾಗಿ ತೋರಿಸಿ ಪಡೆದ ಧಾನ್ಯವನ್ನು ಮಾರಿದರು. ಶಿಬಿರವಾಸಿಗಳಿಂದ ಸುಂಕ ಎತ್ತಿದರು. ಸೈನಿಕರಿಗೆ ಕವಾಯತು ನಡೆಸಿದರು. ಗಡಿಯಾಚೆ ನುಗ್ಗಿ ಪುನಃ ಕೊಂದರು. ಊರಿಗೆ ಮರಳುವೆನೆಂದ ಬಡಪಾಯಿಯನ್ನು ಶಿಬಿರದೊಳಗೇ ಮುಗಿಸಿದರು. ಹಾವಿಗೆ ಹಾಲೆರೆದಂತೆ ಎಂಬ ನಮ್ಮ ನಾಣ್ಣುಡಿಯು ಅಲ್ಲಿ ಅಕ್ಷರಶಃ ನಿಜವಾಯಿತು. ಆದರೆ ಹಾಲು ಕುಡಿಯುತ್ತಿದ್ದುದು ಹಾವೊಂದೇ ಆಗಿರಲಿಲ್ಲ. ಆ ಹಾಲಿನಿಂದಲೇ ಲಕ್ಷಾಂತರ ಮಕ್ಕಳೂ ಬದುಕಿದ್ದವು.

ನಮ್ಮ ಪುರಾಣಗಳಲ್ಲಿ ಅಪಾತ್ರನೆಂದು ತಿಳಿದೂ ಕೊಟ್ಟವರ ಕಥೆಗಳುಂಟು. ಇಂದ್ರನು ವಿಪ್ರವೇಷದಿಂದ ಬರುವನೆಂದು ಸೂರ್ಯನು ಎಚ್ಚರಿಸಿದರೂ ಕರ್ಣನು ಕವಚಕುಂಡಲಗಳನ್ನು ಕೊಟ್ಟನು. ಅದರ ಫಲವನ್ನು ತಾನೇ ಅನುಭವಿಸಿದನು. ಭಸ್ಮಾಸುರನಿಗೆ ಕೊಟ್ಟ ವರದ ಕೈ ಮೊದಲು ಚಾಚಿದ್ದು ಕೊಟ್ಟವನ ತಲೆಯ ಕಡೆಗೇ. ಈ ಕಥೆಗಳನ್ನು ಕೇಳಿ ಬೆಳೆದ ನಾವು, ಯೋಗ್ಯಾಯೋಗ್ಯತೆ ನೋಡದೆ ಕೊಡುವುದೇ ಔದಾರ್ಯದ ಪರಮಾವಧಿಯೆಂದು ಕೆಲವೊಮ್ಮೆ ಭಾವಿಸುತ್ತೇವೆ. ಆದರೆ ಆ ಕಥೆಗಳಲ್ಲಿ ನಷ್ಟವು ಕೊಟ್ಟವನ ಪಾಲಿಗೇ ಬರುತ್ತದೆಯೆಂಬುದನ್ನು ಗಮನಿಸಬೇಕು. ಗೋಮಾದಲ್ಲಿ ಹಿಟ್ಟಿನ ಮೂಟೆ ಇಳಿಸಿದ ಕಾರ್ಯಕರ್ತನಿಗೆ ಯಾವ ನಷ್ಟವೂ ಇಲ್ಲ. ಆ ಮೂಟೆಯ ಬೆಲೆಯನ್ನು ತೆರುವವಳು ಗಡಿಯಾಚೆಯ ಗುಡಿಸಲಿನಲ್ಲಿ, ಹೇಗೋ ಪ್ರಾಣ ಉಳಿಸಿಕೊಂಡ ಒಬ್ಬ ವಿಧವೆ. ಅವಳನ್ನು ಯಾರೂ ಕೇಳಲಿಲ್ಲ. ಪರರ ಪ್ರಾಣವನ್ನು ಪಣವಾಗಿಟ್ಟು ತೋರುವ ಔದಾರ್ಯವು ನಮ್ಮದೆಂದು ಹೇಳಿಕೊಳ್ಳಲು ನಮಗೆ ಅಧಿಕಾರವುಂಟೆ?

ಈ ಪ್ರಶ್ನೆಯ ಮುಂದೆ ಸೇವಾಕಾರ್ಯಕರ್ತರು ಎರಡು ಹೋಳಾದರು. ಗಡಿಗಳಿಲ್ಲದ ವೈದ್ಯರ ಫ್ರೆಂಚ್ ಶಾಖೆಯು 1994ನೆಯ ನವೆಂಬರಿನಲ್ಲಿ ಶಿಬಿರಗಳನ್ನು ಬಿಡಲು ನಿಶ್ಚಯಿಸಿತು. ಕೊಲೆಗಾರರನ್ನು ಬಲಪಡಿಸುವ ನೆರವು ನೆರವಲ್ಲವೆಂಬುದು ಅವರ ನಿಲುವು. ಅದೇ ಸಂಸ್ಥೆಯ ಬೇರೆ ಶಾಖೆಗಳು ಒಪ್ಪಲಿಲ್ಲ; ಒಳಗೆ ಇದ್ದುಕೊಂಡೇ ಪ್ರತಿಭಟಿಸುವೆವೆಂದು ಮತ್ತೂ ಕೆಲವು ಕಾಲ ನಿಂತವು. ಒಂದೇ ಬಟ್ಟೆ ತೊಟ್ಟು, ಒಂದೇ ಪ್ರತಿಜ್ಞೆ ಮಾಡಿದ ವೈದ್ಯರ ನಡುವೆ ಈ ಭೇದ ಬಂತು. ಒಬ್ಬರನ್ನು ಕಠಿಣಹೃದಯರೆಂದೂ ಮತ್ತೊಬ್ಬರನ್ನು ಮೂಢರೆಂದೂ ಕರೆಯುವುದು ಸುಲಭ. ಅವರ ಬರಹಗಳನ್ನು ಓದಿದವರಿಗೆ ಹಾಗೆ ಕರೆಯುವ ಉತ್ಸಾಹ ಇರುವುದಿಲ್ಲ. ಆ ಶಿಬಿರಗಳಲ್ಲಿ ಫ್ರೆಂಚ್ ಶಾಖೆಯ ಪರವಾಗಿ ದುಡಿದ ಫಿಯೋನಾ ಟೆರಿ ಎಂಬ ಮಹಿಳೆ, ಎಂಟು ವರ್ಷಗಳ ಬಳಿಕ 2002ರಲ್ಲಿ, ನೆರವು ಹೇಗೆ ತನ್ನ ಉದ್ದೇಶಕ್ಕೇ ವಿರೋಧಿಯಾಗಬಲ್ಲದೆಂಬುದನ್ನು ಕುರಿತು ಒಂದು ಗ್ರಂಥವನ್ನೇ ಬರೆದಳು. ಬಿಟ್ಟು ಬಂದವರನ್ನು ಆ ಪ್ರಶ್ನೆ ಬಿಟ್ಟಿರಲಿಲ್ಲ.

ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಆಗಿದ್ದವರು ಜಪಾನಿನ ಸದಾಕೋ ಓಗಾಟಾ. ಆಯುಧಧಾರಿಗಳನ್ನು ನಿಜವಾದ ನಿರಾಶ್ರಿತರಿಂದ ಬೇರ್ಪಡಿಸಲು ಅಂತರರಾಷ್ಟ್ರೀಯ ಪಡೆಯೊಂದು ಬೇಕೆಂದು ಕೇಳಿಕೊಂಡರೂ ರಾಷ್ಟ್ರಗಳು ಕಿವಿಗೊಡಲಿಲ್ಲ. ಕೊನೆಗೆ ಶಿಬಿರಗಳ ಕಾವಲಿಗೆ ಝಾಯಿರ್ ದೇಶದ ಸೈನಿಕರಿಗೇ ಹಣ ಕೊಟ್ಟು ಏರ್ಪಾಡು ಮಾಡಬೇಕಾಯಿತು. ಆಕೆ ಶಿಬಿರಗಳನ್ನು ಬಿಡಲಿಲ್ಲ. ಅಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು, ಮಕ್ಕಳು; ಕೊಲೆಗಾರನ ಬಂಧುವೆಂಬ ಕಾರಣಕ್ಕೆ ಆ ಮಗುವೂ ಅಪರಾಧಿಯೇ ಎಂಬುದು ಆಕೆಯ ಪ್ರಶ್ನೆ. ಖಾಸಗಿ ಸಂಸ್ಥೆಗಳಿಗೆ ಹೊರಟುಹೋಗುವ ಸ್ವಾತಂತ್ರ್ಯವುಂಟು, ತನ್ನ ಹುದ್ದೆಗೆ ಅದಿಲ್ಲ ಎಂದೂ ಆಕೆ ಹೇಳಿದರು.

ಯಾವ ಪಕ್ಷದಲ್ಲಿ ಧರ್ಮವಿತ್ತು? ಅಲ್ಪಮತಿಯಾದ ನನಗೆ ತೋರಿದ್ದನ್ನು ನಿವೇದಿಸುತ್ತೇನೆ, ಬಲ್ಲವರು ತಿದ್ದಬೇಕು. ಪಾತ್ರಾಪಾತ್ರ ವಿಚಾರವನ್ನು ನಾವು ಪಡೆಯುವವನ ಗುಣಶೋಧನೆಯೆಂದು ತಿಳಿದಿದ್ದೇವೆ. ಗೋಮಾದ ಅನುಭವವು ತೋರುವುದು ಬೇರೊಂದನ್ನು. ಕೊಲೆಗಾರನೊಬ್ಬನು ಕಾಲರಾದಿಂದ ಬಿದ್ದಾಗ ಆತನ ಬಾಯಿಗೆ ಉಪ್ಪು ಸಕ್ಕರೆಯ ನೀರು ಬಿಡುವುದರಲ್ಲಿ ನನಗೆ ದೋಷ ಕಾಣದು. ಆತನ ಪಾಪದ ವಿಚಾರಣೆಗೆ ನ್ಯಾಯಪೀಠವುಂಟು, ಅದಕ್ಕೂ ಮೇಲೆ ಸರ್ವಸಾಕ್ಷಿಯಾದ ಭಗವಂತನಿದ್ದಾನೆ. ವೈದ್ಯನ ಚಮಚವು ತೀರ್ಪು ಕೊಡಬೇಕಾಗಿಲ್ಲ. ಅದೇ ಮನುಷ್ಯನು ಎದ್ದು ಕುಳಿತು ಸಾವಿರ ಜನರ ಪಡಿಯನ್ನು ತನ್ನ ಕೈಯಿಂದ ಹಂಚುವ ಅಧಿಕಾರ ಪಡೆದಾಗ ವಿಷಯವೇ ಬೇರೆಯಾಗುತ್ತದೆ. ಅಲ್ಲಿ ಕೊಟ್ಟದ್ದು ಹಿಟ್ಟು ಮಾತ್ರವಲ್ಲ. ಒಂದು ಸಿಂಹಾಸನವನ್ನು ಕೊಟ್ಟಂತೆ. ಹಸಿದವನಿಗೆ ಕೊಟ್ಟದ್ದು ದಾನವಾದೀತು, ಹಸಿವಿನ ಮೇಲೆ ಅಧಿಕಾರ ನಡೆಸುವವನಿಗೆ ಕೊಟ್ಟದ್ದು ದಾನವಾಗಲಾರದು. ಆದ್ದರಿಂದ ಬಿಟ್ಟು ಹೋದವರ ನಿರ್ಣಯದ ಕಡೆಗೆ ನನ್ನ ಬುದ್ಧಿಯು ವಾಲುತ್ತದೆ.

ಹಾಗೆಂದು ಬರೆದ ಮೇಲೆಯೂ ಮನಸ್ಸು ಸಮಾಧಾನಗೊಳ್ಳುವುದಿಲ್ಲ. ಫ್ರೆಂಚ್ ವೈದ್ಯರು ಹೊರಟಾಗ ಅವರ ಕೆಲಸವನ್ನು ವಹಿಸಿಕೊಳ್ಳಲು ಬೇರೆಯವರಿದ್ದರು. ಎಲ್ಲರೂ ಹೊರಟಿದ್ದರೆ? ನಿಂತವರ ಆಧಾರದ ಮೇಲೆಯೇ ಬಿಟ್ಟವರ ಶುದ್ಧಿಯು ನಿಂತಿತ್ತೆಂದು ಯಾರಾದರೂ ಆಕ್ಷೇಪಿಸಿದರೆ ನನ್ನಲ್ಲಿ ಪ್ರತ್ಯುತ್ತರವಿಲ್ಲ. ಶಿಬಿರಗಳ ಅಂತ್ಯವಾದರೋ ಯಾರ ಧರ್ಮಜಿಜ್ಞಾಸೆಯಿಂದಲೂ ಆಗಲಿಲ್ಲ. 1996ನೆಯ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ರುವಾಂಡಾದ ಹೊಸ ಸೈನ್ಯವೂ ಝಾಯಿರಿನ ದಂಗೆಕೋರರೂ ಶಿಬಿರಗಳ ಮೇಲೆ ಬಿದ್ದರು. ಕೆಲವೇ ದಿನಗಳಲ್ಲಿ ಐದು ಲಕ್ಷದಷ್ಟು ಜನ ನಡೆದು ಸ್ವದೇಶಕ್ಕೆ ಮರಳಿದರು. ಪಶ್ಚಿಮದ ಕಾಡುಗಳ ಕಡೆಗೆ ಓಡಿದವರಲ್ಲಿ ಸಹಸ್ರಾರು ಮಂದಿ ಹಸಿವಿಗೂ ವ್ಯಾಧಿಗೂ ಶಸ್ತ್ರಕ್ಕೂ ತುತ್ತಾದರು. ಅವರಲ್ಲಿ ಎಷ್ಟು ಮಂದಿ ಕೊಲೆಗಾರರು, ಎಷ್ಟು ಮಂದಿ ತಾಯಂದಿರು ಎಂದು ವಿಂಗಡಿಸಿದವರು ಯಾರೂ ಇಲ್ಲ.

ಪ್ರವಚನವು ಹದಿನೆಂಟನೆಯ ಅಧ್ಯಾಯಕ್ಕೆ ಬಂದದ್ದು ಚಾತುರ್ಮಾಸ್ಯವು ಮುಗಿಯುವ ಹೊತ್ತಿಗೆ. ಮುಂದೇನಾಗುವುದು, ಏನು ಕಳೆಯುವುದು, ಯಾರಿಗೆ ಹಿಂಸೆಯಾಗುವುದು, ತನ್ನ ಶಕ್ತಿ ಎಷ್ಟು ಎಂಬುದನ್ನು ನೋಡದೆ ಮೋಹದಿಂದ ಆರಂಭಿಸಿದ ಕರ್ಮವು ತಾಮಸವೆಂಬ ಶ್ಲೋಕವನ್ನು ಆಚಾರ್ಯರು ವಿವರಿಸಿದರು. ಕರುಣೆಯೂ ಈ ನಾಲ್ಕನ್ನು ನೋಡದೆ ಹೊರಟರೆ ಮೋಹವೇ ಆದೀತು ಎಂದು ಹೇಳಿ, ಆ ನಾಲ್ಕನ್ನೂ ನೋಡಿ ಮುಗಿಯುವವರೆಗೆ ರೋಗಿಯು ಕಾಯಲಾರನಲ್ಲ ಎಂದು ತಾವೇ ಸೇರಿಸಿದರು. ಪುಸ್ತಕದ ಮೇಲೆ ಕೈಯಿಟ್ಟು ಸ್ತ್ರೀಯರ ಸಾಲಿನ ಕಡೆಗೆ ನೋಡಿ, “ಆ ವೈದ್ಯರ ಮಗು ಬಂದಿದ್ದಾಳೆಯೇ?” ಎಂದು ಕೇಳಿದರು. ಮುಂದಿನ ಸಾಲಿನಲ್ಲಿದ್ದ ಅವಳ ಅಜ್ಜಿ ಎದ್ದು ನಿಂತರು. ಹೋದ ವಾರವೇ ಹೊರಟಳು, ಹೋಗುವ ಮುಂಚೆ ನಮಸ್ಕಾರ ಮಾಡಲು ಬಂದಿದ್ದಳು, ತಾವು ಅನುಷ್ಠಾನದಲ್ಲಿದ್ದಿರಿ ಎಂದು ಹೇಳಿದರು. ಆಚಾರ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಲ್ಲಿ ಊಟಕ್ಕೇನು ಮಾಡುತ್ತಾಳಂತೆ ಎಂದು ವಿಚಾರಿಸಿದರು.